ಹಗ್ಗದ ತುದಿಯ ಮಣ್ಣು

“ಸಮುದ್ರಕ್ಕ ತಳಾನ ಇಲ್ಲಂತ!” ಎನ್ನುತ್ತ ಶೇಖವ್ವ ಎಲೆತೋಟದ ನೆರಳಿಗೆ ಬಂದು ಕುಕ್ಕರಿಸಿದಳು. ಸವಣೂರಿನ ಕನ್ನಡ ಸಾಲೆಯ ಗೋಡೆ ಈ ತೋಟಕ್ಕೆ ಅಂಟಿಕೊಂಡೇ ಇತ್ತು. ಕಿಟಕಿಯ ಕೆಳಗೆ ಕುಳಿತು ತಂಬಾಕು ತಿಕ್ಕುತ್ತ ಪಾಠ ಕೇಳುವುದು ಗಂಡ ಸತ್ತ ಮೇಲೆ ಮುದುಕಿಗೆ ಹತ್ತಿದ ಚಟ. ಒಂದಕ್ಷರ ಬಾರದು. ಆದರೆ ಅಲ್ಲಿ ಕಡ್ಡಿಯಷ್ಟು ಕೇಳಿದ್ದು ತೋಟಕ್ಕೆ ಬರುವಷ್ಟರಲ್ಲಿ ಗುಡ್ಡವಾಗಿರುತ್ತಿತ್ತು.

ವೀಳ್ಯದೆಲೆ ಆರಿಸುತ್ತಿದ್ದ ಮರಿಯಮಬಿ ತಲೆ ಎತ್ತಲಿಲ್ಲ.

“ಸ್ಕಾಟ್ಲೆಂಡ ಅಂತ ಒಂದ ದೇಶ. ಅಲ್ಲೊಬ್ಬ ಸಾಹೇಬ. ಸಣ್ಣಾಂವ ಇದ್ದಾಗಿಂದ ದಂಡಿಮ್ಯಾಲೆ ಚಿಪ್ಪ ಆರಿಸ್ಕೋತ ತಿರಗಾಂವ. ಡಾಕ್ಟರಕಿ ಕಲಿಯೋ ಅಂದ್ರ ಏಡಿ ಹಿಂದ ಓಡ್ಯಾನ! ದೊಡ್ಡಾಂವಾಗಿ ಹಡಗ ಹತ್ತಿ ಸಮುದ್ರದಾಗ ಹಗ್ಗಾ ಬಿಟ್ಟ. ಎಂಥಾ ಹಗ್ಗ? ಇಲ್ಲಿಂದ ಹುಬ್ಬಳ್ಳಿ ದಾಟಿ, ಧಾರವಾಡ ದಾಟಿ, ಬೆಳಗಾವಿ ಮುಟ್ಟೂವಷ್ಟು. ಬಿಟ್ಟಾ ಬಿಟ್ಟಾ, ಮೂರೂವರಿ ವರ್ಷ ಬಿಟ್ಟಾ. ಅದು ಇನ್ನೂ ಇಳ್ಯಾಕತ್ತೇತಂತ!”

ಮರಿಯಮಬಿಯ ಕೈ ನಿಂತಿತು. ಅವಳ ಮಗ ಮಜೀದ ಬೊಂಬಾಯಿಗೆ ಹೋಗಿ ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ್ದ. ಲಡಾಯಿಯಲ್ಲಿ ಹಡಗು ಮುಳುಗಿತೆಂದು ಕಾಗದ ಬಂದು ಮೂವತ್ತೆಂಟು ದಿನವಾಗಿತ್ತು. ಆ ಮೂವತ್ತೆಂಟು ದಿನವೂ ಶೇಖವ್ವ ಇವಳನ್ನು ನಗಿಸಲೆಂದು ದಿನಕ್ಕೊಂದು ಕಥೆ ತರುತ್ತಿದ್ದಳು.

“ಇನ್ನೂ ಇಳ್ಯಾಕತ್ತೇತಿ?”

“ಹೂಂ ಮತ್ತ!”

“ಹಂಗಾರ ನಮ್ಮ ಮಜೀದನೂ ಇನ್ನೂ ಇಳ್ಯಾಕತ್ತಾನೇನಕ್ಕಾ?”

ಮರಿಯಮಬಿ ಸೆರಗು ಕೊಡವಿ ಎದ್ದೇಬಿಟ್ಟಳು. “ಎಲ್ಲೋ ಒಂದ ಕಡೆ ಮಲಗ್ಯಾನ ಅಂತ ತಿಳಕೊಂಡಿದ್ದೆ. ನೆಲಾನ ಮುಟ್ಟದಾಂವಗ ನಲವತ್ತನೇ ದಿನದ ಫಾತಿಹಾ ಹ್ಯಾಂಗ ಓದಸ್ಲಿ? ಗೋರಿಗೆ ಹೋದ ಮಂದಿ ಮೂರ ಮುಟಿಗಿ ಮಣ್ಣ ಹಾಕ್ತಾರ. ಇವಗ ಮಣ್ಣ ಕಾಣೂದರ ಯಾವಾಗ? ನಾಡದು ಬ್ಯಾಡಂತ ಮಸೂತಿಗೆ ಹೇಳಿ ಬರ್ತೇನಿ.”

“ನಿಂದ್ರ ಮರಿಯಮ್ಮಾ! ನಾ ಹೇಳಿದ್ದು ಅರ್ಧಾ ಸುಳ್ಳ!”

“ಯಾವ ಅರ್ಧಾ?”

ಶೇಖವ್ವ ಯೋಚಿಸಿದಳು. ಅದು ಅವಳಿಗೂ ಗೊತ್ತಿರಲಿಲ್ಲ. ಹಗ್ಗ ಬಿಟ್ಟದ್ದು ಖರೆ. ಮೂರೂವರೆ ವರ್ಷ ಎಂಬ ಮಾತೂ ಕಿವಿಗೆ ಬಿದ್ದಿತ್ತು. ತಳದ ವಿಷಯ ಬರುವಷ್ಟರಲ್ಲಿ ಗಂಟೆ ಹೊಡೆದಿತ್ತು. ಉಳಿದದ್ದನ್ನು ಅವಳ ನಾಲಿಗೆಯೇ ತುಂಬಿಕೊಂಡಿತ್ತು. ಮರಿಯಮಬಿಯ ಕೈ ಹಿಡಿದು ಎಳೆದುಕೊಂಡೇ ಸಾಲೆಗೆ ನಡೆದಳು.

ಮಕ್ಕಳು ಊಟಕ್ಕೆ ಹೋಗಿದ್ದರು. ಪರಮೇಶಪ್ಪ ಮಾಸ್ತರರು ಒಬ್ಬರೇ ಮೇಜಿನ ಮುಂದೆ ಇದ್ದರು. ಮರಿಯಮಬಿ ಹೊಸ್ತಿಲಾಚೆಯೇ ನಿಂತು ಕೇಳಿದಳು: “ಮಾಸ್ತರ್ರ, ಸಮುದ್ರಕ್ಕ ತಳಾ ಐತ್ರೋ ಇಲ್ರೋ?”

ಮಾಸ್ತರರಿಗೆ ನಗು ಬಂತು. “ಶೇಖವ್ವಾರ, ಏನ ಹೇಳಿಟ್ಟೀರಿ ಇವರಿಗೆ?” ಎಂದವರು ಹೊಸ್ತಿಲಿನತ್ತ ನೋಡಿ ನಗು ನುಂಗಿಕೊಂಡರು. ಪುಸ್ತಕ ತೆರೆದರು. “ಐತ್ರಿ ಐತಿ. ಮೂರ ಮೈಲಿ ಆಳ, ಕೆಲವು ಕಡೆ ಅದಕ್ಕೂ ಹೆಚ್ಚು. ಹಗ್ಗಾ ನೆಲಾ ಮುಟ್ಟೇತಿ. ಮುಟ್ಟಾಕ ಒಂದೆರಡ ತಾಸ ಸೈತ ಹಿಡದಿಲ್ರಿ. ಮೂರೂವರಿ ವರ್ಷ ಅಂದ್ರ ಹಡಗ ಊರೂರ ತಿರಗಿದ್ದು.”

“ಒಂದೆರಡ ತಾಸು?” ಮರಿಯಮಬಿ ಹೊಸ್ತಿಲ ಮೇಲೆ ಕುಳಿತಳು. “ಮತ್ತ ಅಲ್ಲಿ ಏನ ಐತ್ರಿ? ಬರೇ ಕಲ್ಲೇನು?”

“ಮಣ್ರೀ! ಹಗ್ಗದ ತುದಿಗಿ ಒಂದ ಕೊಳವಿ ಕಟ್ಟಿದ್ರು. ಎಳದ್ರ ಅದರ ತುಂಬ ಮಣ್ಣ ಬಂತು. ಕೆಲವು ಕಡೆ ಕೆಂಪ ಮಣ್ಣು, ಬೆಣ್ಣಿ ಹಂಗ ಮೆತ್ತಗ. ಅಷ್ಟ ಆಳದಾಗ ಜೀವಾ ಇರೂದಿಲ್ಲ ಅಂತಿದ್ರು ದೊಡ್ಡ ದೊಡ್ಡ ಶಾಣ್ಯಾರು. ಅಲ್ಲೂ ಹುಳಾ ಹುಪ್ಪಡಿ ಅದಾವಂತ ಸಾಹೇಬ ತೋರಿಸಿಕೊಟ್ಟ.”

ಮರಿಯಮಬಿ ತನ್ನ ಕಾಲು ನೋಡಿಕೊಂಡಳು. ಎಲೆಬಳ್ಳಿಗೆ ಹಾಕಿದ ಕೆಂಪು ಮಣ್ಣು ಬೆರಳ ಸಂದಿಯಲ್ಲಿ ಮೆತ್ತಿತ್ತು. ಮುಖ ಅರಳುತ್ತಿದ್ದಂತೆಯೇ ಮತ್ತೆ ಮುದುಡಿತು.

“ಆ ಮಣ್ಣ ಸಾಹೇಬ ಏನ ಮಾಡಿದ್ರಿ?”

“ಶೀಸೆದಾಗ ತುಂಬಿ ತನ್ನ ದೇಶಕ್ಕ ಒಯ್ದ. ನೂರಾರು ಶೀಸೆ!” ಮಾಸ್ತರರು ತಾವೇ ಒಯ್ದವರ ಹಾಗೆ ಎದೆ ಉಬ್ಬಿಸಿದರು.

“ಒಯ್ದಾ? ಮೂರೂವರಿ ವರ್ಷ ಬಳದ ಬಳದ ಒಯ್ದಿದ್ರ ನನ್ನ ಮಗನ ಮ್ಯಾಲೆ ಬೀಳಾಕ ಏನ ಉಳೀತ್ರಿ?”

“ಅಲ್ರೀ, ಅದು ಎಪ್ಪತ್ತ ವರ್ಷದ ಹಿಂದಿನ ಮಾತು. ಸಮುದ್ರಂದ್ರ ಎಷ್ಟ ದೊಡ್ಡದೈತಿ, ಒಂದ ಕೊಳವಿ ಮಣ್ಣ ತಗದ್ರ…”

“ತಿರಗಿ ಹಾಕಿದ್ನೋ ಇಲ್ಲೋ? ಅಷ್ಟ ಹೇಳ್ರಿ.”

ಸಾವಿರ ಬಂಡಿ ಹಾಕಿಸ್ಯಾನ ಎನ್ನಲು ಶೇಖವ್ವ ಬಾಯಿ ತೆರೆದಳು. ಮರಿಯಮಬಿ ಕೈ ಅಡ್ಡ ಹಿಡಿದಳು. “ನೀ ಸುಮ್ಮನಿರಕ್ಕಾ. ಪುಸ್ತಕದಾಗ ಇದ್ದದ್ದ ಹೇಳ್ಲಿ.”

ಮಾಸ್ತರರು ಕನ್ನಡಕ ಒರೆಸಿದರು. ಹಾಳೆ ತಿರುವಿದರು. ಅಲ್ಲಿ ಬೆರಳಿಟ್ಟು, ಮಕ್ಕಳಿಗೆ ಓದುವ ದನಿಯಲ್ಲೇ ಓದಿದರು: “ಸಾಹೇಬನು ಸ್ವದೇಶಕ್ಕೆ ಮರಳುವ ಮುನ್ನ, ತಾನು ತೆಗೆದ ಮಣ್ಣಿಗೆ ಬದಲಾಗಿ, ಮೂರು ಮುಷ್ಟಿ ಮಣ್ಣನ್ನು ಸಮುದ್ರಕ್ಕೆ ಹಾಕಿ ಕೈ ಮುಗಿದನು.”

“ಮೂರ ಮುಟಿಗಿ,” ಎಂದಳು ಮರಿಯಮಬಿ. ಸೆರಗು ತಲೆಯ ಮೇಲೆ ಎಳೆದುಕೊಂಡಳು. “ಚೊಲೊ ಮನಿಷ್ಯಾ ಇದ್ದ ನೋಡಕ್ಕಾ, ಸಾಹೇಬ ಆದ್ರೂ. ನಾ ಬರ್ತೇನಿ, ನಾಡದಕ್ಕ ಅಕ್ಕಿ ಹಸನ ಮಾಡೂದೈತಿ.” ಎದ್ದು ಹೋದಳು.

ಶೇಖವ್ವ ಮೇಜಿನ ಹತ್ತಿರ ಹೋಗಿ ಬಗ್ಗಿದಳು. ಅಕ್ಷರ ಬಾರದು, ಚಿತ್ರ ಬರುತ್ತಿತ್ತು. ಮಾಸ್ತರರು ಬೆರಳನ್ನು ಇನ್ನೂ ತೆಗೆದಿರಲಿಲ್ಲ.

“ಪುಸ್ತಕಾ ಮುಚ್ರಿ ಮಾಸ್ತರ್ರ,” ಎಂದಳು ಮೆಲ್ಲಗೆ, “ಒಂಟಿ ಡುಬ್ಬಾ ಕಾಣಾಕತ್ತೇತಿ.”