ಮಾವನ ಊಟಕ್ಕೊಂದು ಸಾರಂಗ

"ಇವತ್ತು ಅಪ್ಪ ಊಟಕ್ಕೆ ಬರ್ತಾರೆ. ಕಾಡುಸಾರಂಗ ಹೊಡ್ಕೊಂಡು ಬರ್ಲಿಲ್ಲ ಅಂದ್ರೆ ನಿಮ್ಮ ಮರ್ಯಾದೇನೇ ಬೇಯಿಸಿ ಬಡಿಸ್ತೀನಿ," ಅಂದಳು ಹೆಂಡತಿ.

ಗಂಡ ತಾನು ಸಾಕಿದ ಹಿಮಸಾರಂಗದ ಹಗ್ಗ ಹಿಡಿದು ಹೊರಟ. ಆ ಹಿಮದ ನಾಡಲ್ಲಿ ಬೇಟೆಯೇ ಹಾಗೆ. ಸಾಕಿದ್ದು ಮುಂದೆ ನಡೆಯುತ್ತೆ, ಬೇಟೆಗಾರ ಅದರ ಮರೆಯಲ್ಲಿ ಬಗ್ಗಿಕೊಂಡು ಬರ್ತಾನೆ. ನಮ್ಮವರೇ ಅಂತ ನಂಬಿ ಕಾಡಿನದು ಹತ್ತಿರ ಬರುತ್ತೆ.

ದೂರದಲ್ಲೊಂದು ಕೊಬ್ಬಿದ ಗಂಡು ಕಾಣಿಸಿತು. ಒಂದಿಷ್ಟೂ ಬೆದರದೆ ಸೀದಾ ಇವರತ್ತಲೇ ಬಂತು.

"ಸ್ವಲ್ಪ ಒನಪು ಮಾಡೇ ತಾಯಿ, ನನ್ನ ಸಂಸಾರ ನಿನ್ನ ಕೊಂಬಿನ ಮೇಲೆ ನಿಂತಿದೆ," ಅಂತ ತನ್ನ ಸಾರಂಗಕ್ಕೆ ಪಿಸುಗುಟ್ಟಿ ಬಿಲ್ಲೆಳೆದ.

ಆ ಗಂಡಿನ ಬೆನ್ನ ಹಿಂದಿನಿಂದ ಮೊದಲು ಒಂದು ಬಿಲ್ಲು, ಆಮೇಲೆ ಬಿಳಿಮೀಸೆ ಮೇಲೆದ್ದವು.

"ಬಾಣ ಇಳಿಸಿ ಅಳಿಯಂದ್ರೇ! ಮಗಳ ಮನೆಗೆ ಬರಿಗೈಲಿ ಹೋಗಬೇಡಿ ಅಂತ ನಿಮ್ಮತ್ತೆ ನನ್ನನ್ನೂ ಅಟ್ಟಿದಾಳೆ."