ಒಂದು ಹಿಡಿ ಹೊಸ ಗೋಧಿ

"ಚೆನ್ನಾಗಿ ಅಗಿಯೇ. ನನಗೇ ಹಲ್ಲಿದ್ದಿದ್ರೆ ನಿನ್ನ ಯಾಕೆ ಗೋಗರೀತಿದ್ದೆ?" ಎಂದ, ಹಾಸಿಗೆ ಹಿಡಿದಿದ್ದ ಅಣ್ಣ.

ತಂಗಿ ಹೊಸ ಗೋಧಿಯನ್ನು ಬಾಯಿಗೆ ಹಾಕಿಕೊಂಡಳು. ಒಳ್ಳೆಯ ಗೋಧಿ ಅಗಿದಷ್ಟೂ ಅಂಟಾಗುತ್ತದೆ; ಆ ಅಂಟಿದ್ದರೇ ಬ್ರೆಡ್ಡು ಉಬ್ಬುವುದು. ಅಂಗಡಿ ಗೊಬ್ಬರ ಮುಟ್ಟದೆ, ಬರೀ ಹಸಿರು ಸೊಪ್ಪನ್ನು ಮಣ್ಣಿಗೆ ಸೇರಿಸಿ, ಬೇಕರಿಯವನು ವಾಪಸು ಕಳಿಸದಂಥ ಗೋಧಿ ಬೆಳೆದೇ ಸಾಯುತ್ತೇನೆಂಬುದು ಅಣ್ಣನ ಹಟ. ಈ ಸಲ ಇಳುವರಿಯೇನೋ ಕೈ ತುಂಬ ಬಂದಿತ್ತು. ಆದರೆ ಕಾಳು ಅವಳ ಬಾಯಲ್ಲಿ ಅಂಟಾಗದೆ ಹಾಲಾಗಿ ಕರಗಿ ಗಂಟಲಿಗಿಳಿಯಿತು. ಅವಳು ಬರಿಬಾಯನ್ನೇ ಅಗಿಯುತ್ತ ಕೂತಳು.

"ಅಂಟು ಬಂತೇನೆ?"

"ಹೂಂ ಕಣೋ ಅಣ್ಣ, ಹಲ್ಲಿಗೆಲ್ಲ ಮೆತ್ಕೊಂಡಿದೆ."

"ಎಲ್ಲಿ, ಉಗಿ ಇಲ್ಲಿ," ಎಂದು ಅವನು ಅಂಗೈ ಚಾಚಿದ.

"ಅಯ್ಯೋ, ನುಂಗ್ಬಿಟ್ಟೆನಲ್ಲ."

ಅಣ್ಣ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದ. ಆಮೇಲೆ ಅಂಗೈಯನ್ನು ಮೆಲ್ಲಗೆ ಕಂಬಳಿಯ ಮೇಲೆ ಮಗುಚಿಟ್ಟ.