ಉಳಿದ ಮೂವತ್ತು

“ಅಕ್ಕಾ, ಈ ಸ್ಲೈಡನ್ನ ಪೂರ್ತಿ ನೋಡಿದ್ರಾ?”

ತಿಂಗಳಿಗೊಮ್ಮೆ ಬಂದು ಹಳೆಯ ಸ್ಲೈಡುಗಳನ್ನು ಮರುಪರೀಕ್ಷೆ ಮಾಡುವ ಮೇಲ್ವಿಚಾರಕ ಮೈಕ್ರೋಸ್ಕೋಪಿನಿಂದ ತಲೆಯೆತ್ತದೆ ಕೇಳಿದ. ಲ್ಯಾಬಿನ ಹದ್ದಿನಕಣ್ಣಕ್ಕ ರಿಜಿಸ್ಟರು ತೆರೆದಳು. ಹದಿನೆಂಟು ವರ್ಷ ಕ್ಷಯದ ಕಫ ನೋಡಿ ನೋಡಿ ಗಳಿಸಿದ ಹೆಸರು ಅದು. ಆಸ್ಪತ್ರೆಯಲ್ಲಿ ಯಾರೂ ಅವಳನ್ನು ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ.

ಅವಳು ಬಗ್ಗಿ ನೋಡಿದಳು. ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳಂಥ ಕ್ಷಯದ ಕ್ರಿಮಿಗಳು, ಒಂದಲ್ಲ, ನಾಲ್ಕು. ಮೂರು ವಾರದ ಹಿಂದಿನ ತಾರೀಖಿನ ಮುಂದೆ ರಿಜಿಸ್ಟರಿನಲ್ಲಿ ಅವಳದೇ ದುಂಡಗಿನ ಅಕ್ಷರದಲ್ಲಿ ‘ಇಲ್ಲ’ ಎಂದಿತ್ತು.

ಕ್ರಿಮಿ ಕಣ್ಣಿಗೆ ಬಿದ್ದರೆ ‘ಇದೆ’ ಎಂದು ಬರೆಯಲು ಹೆಚ್ಚು ಹೊತ್ತು ಬೇಡ. ‘ಇಲ್ಲ’ ಎನ್ನಬೇಕಾದರೆ ಮಾತ್ರ ಗಾಜಿನ ಮೇಲೆ ನೂರು ಜಾಗ ನೋಡಲೇಬೇಕು. ಆ ದಿನ ಸ್ಲೈಡುಗಳ ರಾಶಿ ಬಿದ್ದಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಎಪ್ಪತ್ತನೇ ಜಾಗಕ್ಕೆ ಬಂದವಳು ‘ಇನ್ನೇನಿರುತ್ತೆ ಮಣ್ಣು’ ಎಂದುಕೊಂಡು ಊಟಕ್ಕೆ ಎದ್ದಿದ್ದಳು. ಒಮ್ಮೆ ಹೆಸರು ಬಂದುಬಿಟ್ಟರೆ ಎಣಿಸುವ ತಾಳ್ಮೆ ಯಾರಿಗಿರುತ್ತದೆ ಹೇಳಿ!

“ಆ ರೋಗಿ ಮನೆಗೆ ಹೋಗಿ ಹೊಸದಾಗಿ ಕಫ ಬೇಕು ಅನ್ನಿ, ಸಾಕು. ಜಾಸ್ತಿ ಬಾಯಿ ಬಿಡೋಕೆ ಹೋಗ್ಬೇಡಿ,” ಎಂದ ಮೇಲ್ವಿಚಾರಕ ದನಿ ತಗ್ಗಿಸಿ. “ಜೊತೇಲಿರೋರದ್ದೂ ತನ್ನಿ.”

ಒಂದೇ ಕೋಣೆಯ ಮನೆ. ದರ್ಜಿ ಅಜ್ಜ ಹೊಲಿಗೆ ಯಂತ್ರ ತುಳಿಯುತ್ತ ಕೂತಿದ್ದ. ಎಂಟು ವರ್ಷದ ಮೊಮ್ಮಗಳು ಹಿಂದಿನಿಂದ ಅವನ ಕೊರಳಿಗೆ ಜೋತುಬಿದ್ದಿದ್ದಳು. ಆ ಮನೆಗೆ ಅವರಿಬ್ಬರೇ.

“ಬನ್ನಿ ಮೇಡಂ, ಬನ್ನಿ! ಕ್ಷಯ ಇರ್ಬಹುದು ಅಂತ ಹದಿನೈದು ದಿನ ಈ ಕೋತೀನ ಪಕ್ಕದ ಮನೇಲಿ ಮಲಗಿಸಿದ್ದೆ. ನೀವು ಇಲ್ಲ ಅಂದಿದ್ದೇ ತಡ, ಮತ್ತೆ ಬಂದು ನನ್ನ ಹೊದಿಕೆಯೊಳಗೇ ಸೇರ್ಕೊಂಡ್ಲು.” ಅಜ್ಜ ನಕ್ಕ, ನಗು ಕೆಮ್ಮಿಗೆ ತಿರುಗಿತು. “ಇದು ಹಳೇ ಕೆಮ್ಮು ಬಿಡಿ. ಕ್ಷಯ ಅಲ್ವಲ್ಲ, ಇನ್ನೇನು ಭಯ?”

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ‘ಹೊಸದಾಗಿ ಕಫ ಬೇಕು’ ಎಂಬ ಮಾತನ್ನು ಅವಳು ಬಿಟ್ಟುಬಿಟ್ಟಳು.

“ಅಜ್ಜಾ, ಅದೇ ಇದೆ. ಅವತ್ತು ನಾನು ಪೂರ್ತಿ ನೋಡ್ಲಿಲ್ಲ. ತಪ್ಪು ನಂದು.”

ಯಂತ್ರ ನಿಂತಿತು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಹುಡುಗಿಯ ಕೈಗಳನ್ನು ಮೆಲ್ಲಗೆ ತನ್ನ ಕೊರಳಿನಿಂದ ಬಿಡಿಸಿ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ.

“ಔಷಧಿ ಇದ್ಯಲ್ಲ?”

“ಇದೆ ಅಜ್ಜ. ಆರು ತಿಂಗಳು ಬಿಡದೆ ತಗೊಂಡ್ರೆ ವಾಸಿಯಾಗುತ್ತೆ.”

ಅವಳು ಚೀಲದಿಂದ ಕಫದ ಡಬ್ಬಿಗಳನ್ನು ತೆಗೆದಳು. ಅಜ್ಜನಿಗೆ ಅದೆಲ್ಲ ರೂಢಿಯಾಗಿತ್ತು. “ಗೊತ್ತು, ಒಂದು ಈಗ, ಒಂದು ನಾಳೆ ಬೆಳಿಗ್ಗೆ,” ಎಂದು ಎರಡನ್ನು ತೆಗೆದುಕೊಂಡ. ಅವಳ ಕೈಯಲ್ಲಿ ಇನ್ನೊಂದು ಉಳಿದಿತ್ತು. ಅಜ್ಜ ಅದನ್ನು ನೋಡಿದ, ಅವಳನ್ನು ನೋಡಿದ.

ಹುಡುಗಿ ಓಡಿಬಂದು ಎರಡೂ ಕೈ ಚಾಚಿದಳು.

“ಇದು ನಂಗಾ?”